ಪ್ರಾರಂಭದಲ್ಲಿ ತಗಣ

ನಮ್ಮ ನಡುಮನೆಯ ಕಿಟಕಿಯ ಪಕ್ಕದಲ್ಲಿ, ಒಂದು ಕಾಲಕ್ಕೆ ನನ್ನ ತಾಯಿಯವರ ಹೊಲಿಗೆಯಂತ್ರವು ವಿರಾಜಮಾನವಾಗಿದ್ದ ಸ್ಥಾನದಲ್ಲಿ, 2004ನೆಯ ಇಸವಿಯಿಂದ ಈಚೆಗೆ ಒಂದು ಗಣಕಯಂತ್ರವು ಬಿಡಾರ ಹೂಡಿಕೊಂಡಿದೆ. ಕರಿಯ ತಗಡಿನ ಪೆಟ್ಟಿಗೆ, ಬೆನ್ನು ಗೂನಾದ ಪರದೆ, ನಾಲ್ಕಾರು ಅಕ್ಷರಗಳು ಸವೆದು ಬೋಳಾದ ಕೀಲಿಮಣೆ, ಇವುಗಳ ಮೇಲೆ ಧೂಳು ಬೀಳದಿರಲೆಂದು ನನ್ನ ಹೆಂಡತಿ ಹೆಣೆದು ಹೊದಿಸಿದ ಕ್ರೋಶಾ ಮುಸುಕು, ಇಷ್ಟನ್ನೂ ಒಟ್ಟಿಗೆ ನೋಡಿದವರಿಗೆ ಅದೊಂದು ಯಂತ್ರವೆಂಬುದಕ್ಕಿಂತ, ಮಧ್ಯಾಹ್ನದ ಊಟ ಮುಗಿಸಿ ತಲೆಯ ಮೇಲೆ ಸೆರಗು ಹೊದ್ದು ತೂಕಡಿಸುತ್ತಿರುವ ಮನೆಯ ಹಿರಿಯಜ್ಜಿಯೆಂಬ ಭಾವನೆಯೇ ಮೊದಲು ಉಂಟಾಗುತ್ತದೆ. ಆ ಶರೀರದೊಳಗೆ ಸಂಚರಿಸುವ ಪ್ರಾಣವಾಯುವಿನ ಹೆಸರು ವಿಂಡೋಸ್ ಎಕ್ಸ್‌ಪಿ.

ಈ ಎಕ್ಸ್‌ಪಿಯು 2001ನೆಯ ಅಕ್ಟೋಬರ್ 25ರಂದು ಲೋಕಕ್ಕೆ ಅವತರಿಸಿತೆಂದೂ, 2014ನೆಯ ಏಪ್ರಿಲ್ 8ರಂದು ಅದರ ತಯಾರಕರು ತಮ್ಮ ಶುಶ್ರೂಷೆಯನ್ನು ಸಮಾಪ್ತಿಗೊಳಿಸಿದರೆಂದೂ ನಾನು ಬಲ್ಲೆನು. ಬೆಂಗಳೂರಿನಲ್ಲಿ ಇಂಥ ಯಂತ್ರಗಳ ನಡುವೆಯೇ ಅನ್ನ ಸಂಪಾದಿಸುತ್ತಿರುವ ನನ್ನ ಸೋದರಳಿಯನು ಹಬ್ಬಕ್ಕೆ ಬಂದಾಗಲೆಲ್ಲ, ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಲೇ, ‘ಮಾವ, ಇದು ಸತ್ತು ಎಷ್ಟು ವರ್ಷವಾಯಿತು, ಇನ್ನೂ ಮನೆಯಲ್ಲಿಟ್ಟುಕೊಂಡಿದ್ದೀರಲ್ಲ’ ಎನ್ನುತ್ತಾನೆ. ‘ಸತ್ತದ್ದು ಇಷ್ಟು ಸದ್ದು ಮಾಡುತ್ತದೆಯೇನಯ್ಯ?’ ಎಂದು ನಾನು ಅದರ ಒಳಗಿನ ಪಂಖದ ಗೊರಗೊರವನ್ನು ಕೈತೋರಿಸುತ್ತೇನೆ. ರಕ್ಷಣೆಯಿಲ್ಲದ ಈ ವೃದ್ಧಜೀವವು ಅಂತರ್ಜಾಲಕ್ಕೆ ಹೋದರೆ ಊರಿನ ರೋಗವೆಲ್ಲ ಅಂಟಿಕೊಳ್ಳುವುದೆಂದು ಅವನೇ ಹಿಂದೊಮ್ಮೆ ಅದರ ತಂತಿಯನ್ನು ಕಿತ್ತು ಸುರುಳಿ ಸುತ್ತಿಟ್ಟು ಹೋದನು. ಅಂದಿನಿಂದ ಅದು ಮಡಿಯಲ್ಲಿದೆ. ತಾನೂ ಯಾರನ್ನೂ ಮುಟ್ಟುವುದಿಲ್ಲ, ತನ್ನನ್ನೂ ಯಾರಿಗೂ ಮುಟ್ಟಗೊಡುವುದಿಲ್ಲ.

ಇದನ್ನು ನಾನು ಬಿಡದಿರುವುದಕ್ಕೆ ಮೋಹವೊಂದೇ ಕಾರಣವಲ್ಲ. ಮೂವತ್ತಮೂರು ವರ್ಷ ಕಾಲೇಜಿನ ಹುಡುಗರಿಗೆ ಹಳಗನ್ನಡವನ್ನೂ ಛಂದಸ್ಸನ್ನೂ ಬೋಧಿಸಿದ ಫಲವಾಗಿ ನನ್ನಲ್ಲಿ ಸಂಗ್ರಹವಾದ ಟಿಪ್ಪಣಿಗಳೆಲ್ಲ ಇದರ ಹೊಟ್ಟೆಯಲ್ಲಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಇವೆ. ಆ ಕಾಲದ ಏರ್ಪಾಡೇನೆಂದರೆ, ಯೂರೋಪಿನ ಭಾಷೆಗಳ ತಲೆಯ ಮೇಲೆ ಚುಕ್ಕಿಯನ್ನೂ ಗೀಟನ್ನೂ ಹೊತ್ತ ಅಕ್ಷರಗಳಿಗೆಂದು ಮೀಸಲಾದ ಕುರ್ಚಿಗಳಲ್ಲಿ ನಮ್ಮ ಕಕಾರ ಖಕಾರಗಳ ತುಂಡುಗಳನ್ನು ತಂದು ಕೂರಿಸುವುದು. ನುಡಿಯ ಅಕ್ಷರಗಳಿರುವ ಯಂತ್ರದಲ್ಲಿ ತೆರೆದರೆ ಕನ್ನಡವು ಕನ್ನಡವಾಗಿಯೇ ಕಾಣುವುದು. ಇಲ್ಲದ ಯಂತ್ರದಲ್ಲಿ ತೆರೆದರೆ ಕುರ್ಚಿಯ ನಿಜವಾದ ಒಡೆಯರು ಎದ್ದುಬಂದು, ಪಂಪನ ಮೇಲಿನ ನನ್ನ ಉಪನ್ಯಾಸವು ಯಾವುದೋ ಉತ್ತರದೇಶದ ಕಡಲ್ಗಳ್ಳರ ಪತ್ರವ್ಯವಹಾರದಂತೆ ಕಾಣುವುದು. ಇವುಗಳನ್ನು ಈಗಿನ ಯೂನಿಕೋಡಿಗೆ ಪರಿವರ್ತಿಸಲು ಸಾಧನಗಳಿವೆ. ಪರಿವರ್ತಿಸಿದ ಮೇಲೆ ಪುಟಪುಟವನ್ನೂ ಓದಿ ತಿದ್ದಲು ನನ್ನಲ್ಲಿ ಸೋಮಾರಿತನವಿದೆ. ಬೆರಳುಗಳ ಹಠವೂ ಸಾಮಾನ್ಯವಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸಕ್ಕೆ ಒಗ್ಗಿದ ನನ್ನ ಬೆರಳು ಒತ್ತಕ್ಷರ ಬಂದೊಡನೆ ಎಫ್ ಎಂಬ ಕೀಲಿಗೆ ಓಡುತ್ತದೆ; ಎಕ್ಸ್‌ಪಿಯು ತಾನಾಗಿ ಕೊಡುವ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಾದರೋ ಆ ಹಲಂತದ ಚಿಹ್ನೆಯು ಪಕ್ಕದ ಮನೆಯಾದ ಡಿ ಎಂಬಲ್ಲಿ ವಾಸ ಮಾಡುತ್ತದೆ. ಒಂದೇ ಬೀದಿಯಲ್ಲಿ ಪಕ್ಕದ ಮನೆಗೆ ಬಾಡಿಗೆ ಬದಲಾಯಿಸಿದ ಗೆಳೆಯನನ್ನು ಕಾಣಲು ಹೋಗಿ ದಿನವೂ ಹಳೆಯ ಮನೆಯ ಬಾಗಿಲನ್ನೇ ತಟ್ಟುವವನ ಪಾಡು ನನ್ನದು.

ಯಂತ್ರದ ವ್ಯಾಧಿಗಳಲ್ಲಿ ಮಳೆಗಾಲದ್ದು ಒಂದು ಬಗೆ. ಆಷಾಢದ ಒಂದು ಮುಂಜಾನೆ ಗುಂಡಿಯನ್ನು ಒತ್ತಿದರೆ ಪರದೆಯಲ್ಲಿ ಬೆಳಕು ಮೂಡದು. ಪೆಟ್ಟಿಗೆಯೊಳಗಿಂದ ಕರುವನ್ನು ಕಳೆದುಕೊಂಡ ಹಸುವಿನಂತೆ ಉದ್ದನೆಯ ಒಂದು ಕೂಗು, ಸ್ವಲ್ಪ ಮೌನ, ಮತ್ತೊಂದು ಕೂಗು. ಇದು ‘ನನ್ನ ಜ್ಞಾಪಕಶಕ್ತಿ ನನಗೆ ಸಿಕ್ಕುತ್ತಿಲ್ಲ’ ಎಂದು ಯಂತ್ರವು ಮೊರೆಯಿಡುವ ರೀತಿ. ರ್‍ಯಾಮ್ ಎಂಬ ಆ ಜ್ಞಾಪಕದ ಪಟ್ಟಿಯು ಗೇಣಿಗಿಂತ ಚಿಕ್ಕದಾದ ಹಸಿರು ಹಲಗೆ. ಅದರ ಕೆಳಅಂಚಿನಲ್ಲಿ ಒಂದು ಮುಖಕ್ಕೆ 92ರಂತೆ ಎರಡೂ ಮುಖಗಳಿಂದ 184 ಹೊಂಬಣ್ಣದ ಹಲ್ಲುಗಳು. ಈ ಹಲ್ಲುಗಳಿಗೆ ತೇವ ತಗಲಿ ಕಿಲುಬು ಕೂತರೆ ಯಂತ್ರಕ್ಕೆ ಮರೆವು ಬಡಿಯುತ್ತದೆ. ಇದಕ್ಕೆ ಔಷಧವು ಪೇಟೆಯಲ್ಲಿಲ್ಲ, ಮೊಮ್ಮಗಳ ಪೆನ್ಸಿಲ್ ಡಬ್ಬಿಯಲ್ಲಿದೆ. ಮೊದಲು ಗೋಡೆಯ ವಿದ್ಯುತ್ತನ್ನು ಆರಿಸಿ, ಪಕ್ಕದ ತಗಡನ್ನು ಬಿಚ್ಚಿ (ಮೊದಲ ಸಲ ಬಿಚ್ಚಿದಾಗ ಒಳಗೆ ಎರಡು ಹಲ್ಲಿಮೊಟ್ಟೆಯ ಚಿಪ್ಪುಗಳು ಕಂಡವು, ಯಾರಿಗೆ ಯಾವುದು ಬೆಚ್ಚಗಿನ ಬಾಣಂತಿಕೋಣೆಯಾಗುವುದೋ ಹೇಳಲಾಗದು), ಮೈಯಲ್ಲಿ ಅಡಗಿರುವ ಅಲ್ಪಸ್ವಲ್ಪ ವಿದ್ಯುತ್ತು ಹರಿದುಹೋಗಲೆಂದು ಬರಿಯ ಲೋಹವನ್ನೊಮ್ಮೆ ಮುಟ್ಟಿ, ಪಟ್ಟಿಯ ಎರಡು ತುದಿಗಳ ಬಿಳಿಯ ಕಿವಿಗಳನ್ನು ಹೊರಕ್ಕೆ ಬಾಗಿಸಿದರೆ ಅದು ತಾನಾಗಿ ಮೇಲೇಳುತ್ತದೆ. ಆಮೇಲೆ ಆ ಹಲ್ಲುಗಳನ್ನು ರಬ್ಬರಿನಿಂದ ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿ, ಉದುರಿದ ರಬ್ಬರಿನ ಕೂದಲನ್ನು ಬಟ್ಟೆಯಿಂದ ಒರೆಸಿ, ಮತ್ತೆ ಇಟ್ಟು ಒತ್ತಿದಾಗ ಕಿವಿಗಳೆರಡೂ ‘ಟಕ್’ ಎಂದು ಮುಚ್ಚಿಕೊಳ್ಳುವ ಆ ಸದ್ದು, ಸರಿಯಾದ ಪ್ರಾಸವು ಸ್ಥಾನದಲ್ಲಿ ಕೂತಾಗ ಕವಿಗೆ ಕೇಳುವ ಸದ್ದಿಗಿಂತ ಕಡಿಮೆಯದೆಂದು ನಾನು ಒಪ್ಪೆನು. ತಪ್ಪನ್ನು ಅಳಿಸಲು ಹುಟ್ಟಿದ ರಬ್ಬರು ಇಲ್ಲಿ ಮರೆವನ್ನೇ ಅಳಿಸುತ್ತದೆ. ಮೊಮ್ಮಗಳು ಮಾತ್ರ ಇದರ ಸೊಬಗನ್ನು ಕಾಣಳು. ಅವಳ ರಬ್ಬರು ಕಪ್ಪಾಯಿತೆಂಬುದೊಂದೇ ಅವಳ ದೂರು.

ಎರಡನೆಯ ವ್ಯಾಧಿಯು ಕಾಲಜ್ಞಾನಕ್ಕೆ ಸಂಬಂಧಪಟ್ಟದ್ದು. ಯಂತ್ರವು ಮಲಗಿರುವಾಗಲೂ ಅದರ ಗಡಿಯಾರವು ನಡೆಯುತ್ತಿರಲೆಂದು ಒಳಗೆ ನಾಣ್ಯದಂಥ ಒಂದು ಬಿಲ್ಲೆಯಿದೆ, ಹೆಸರು ಸಿಆರ್ 2032. ಅಡ್ಡಳತೆ 20 ಮಿಲಿಮೀಟರು, ದಪ್ಪ 3.2 ಮಿಲಿಮೀಟರು ಎಂಬ ತನ್ನ ಮೈಕಟ್ಟನ್ನೇ ಹೆಸರಾಗಿ ಧರಿಸಿರುವ, ನಮ್ಮ ಪೂರ್ವಿಕರು ಹೆಸರಿಡುತ್ತಿದ್ದ ಪದ್ಧತಿಗೆ ಹತ್ತಿರವಾದ, ಪ್ರಾಮಾಣಿಕ ವಸ್ತು. ನಮ್ಮ ಮನೆಯಲ್ಲಿ ರಾತ್ರಿ ಗೋಡೆಯ ಗುಂಡಿಗಳನ್ನೆಲ್ಲ ಆರಿಸಿಯೇ ಮಲಗುವ ಪದ್ಧತಿಯಾದ್ದರಿಂದ, ಈ ಬಿಲ್ಲೆಯ ಕಸುವು ಇಂಗಿದಂದಿನಿಂದ ಯಂತ್ರಕ್ಕೆ ಪ್ರತಿದಿನವೂ 2002ನೆಯ ಜನವರಿ 1ನೆಯ ತಾರೀಖು, ಅದೂ ಸರಿಯಾಗಿ ನಡುರಾತ್ರಿಯಲ್ಲಿ ಆರಂಭವಾಗುತ್ತಿದೆ. ಕವಿಗಳ ಕಾಲನಿರ್ಣಯದ ವಿಷಯದಲ್ಲಿ ಜೀವಮಾನವೆಲ್ಲ ಜಗಳವಾಡಿದವನಿಗೆ ಇದಕ್ಕಿಂತ ತಕ್ಕ ಶಿಕ್ಷೆ ಯಾವುದು? ನಾನು ಇತ್ತೀಚೆಗೆ ಬರೆದ ಲೇಖನಗಳೆಲ್ಲ, ಯಂತ್ರವನ್ನು ಕೊಳ್ಳುವುದಕ್ಕೆ ಎರಡು ವರ್ಷ ಮೊದಲೇ, ಒಂದೇ ದಿವಸದಲ್ಲಿ ರಚಿತವಾದುವೆಂದು ಅದರ ದಾಖಲೆಯು ಸಾರುತ್ತಿದೆ. ಮುಂದೆ ಯಾರಾದರೂ ನನ್ನ ಕಾಲವನ್ನು ನಿರ್ಣಯಿಸಹೊರಟರೆ ಅಂತರಂಗ ಪ್ರಮಾಣ, ಬಹಿರಂಗ ಪ್ರಮಾಣಗಳೆರಡೂ ಕೈಕೊಟ್ಟು, ಈ ಹೆಸರಿನ ಇಬ್ಬರು ಲೇಖಕರು ಇದ್ದರೆಂಬ ಸಿದ್ಧಾಂತಕ್ಕೆ ಬರುವುದು ಖಂಡಿತ.

ಇವು ಶರೀರದ ರೋಗಗಳಾದುವು. ನಾನಾಗಿಯೇ ತಂದುಕೊಂಡವು ಅಲಂಕಾರದ ರೋಗಗಳು. ಎಕ್ಸ್‌ಪಿಗೆ ಹುಟ್ಟುಡುಗೆಯಾಗಿ ಮೂರು ಬಣ್ಣದ ಸೀರೆಗಳಿವೆ: ನೀಲಿ, ಎಳೆಯ ಆಲಿವ್ ಹಸಿರು, ಬೆಳ್ಳಿ. ಮೂರನ್ನೂ ಉಡಿಸಿ ಬಿಚ್ಚಿ ನೋಡುವುದರಲ್ಲಿ ಒಂದು ವಾರ ಕಳೆಯಿತು. ಆಮೇಲೆ ಅದಕ್ಕೆ ಯೂನಿಕೋಡ್ ಕನ್ನಡವನ್ನು ಕಲಿಸಬೇಕೆಂಬ ಬಯಕೆ ಹುಟ್ಟಿತು. ಕನ್ನಡವು ಅದರೊಳಗೆ ಇಲ್ಲದಿಲ್ಲ. ‘ತುಂಗಾ’ ಎಂಬ ಚೆಲುವಾದ ಹೆಸರಿನ ಅಕ್ಷರಸಮೂಹವೇ ಇದೆ. ಆದರೆ ನದಿಯನ್ನು ಹರಿಯಿಸಲು ತೂಬನ್ನು ಎತ್ತಬೇಕು, ಆ ತೂಬಾದರೋ ಕಂಟ್ರೋಲ್ ಪ್ಯಾನೆಲಿನ ಒಳಗೆ ಭಾಷೆಗಳ ವಿಭಾಗದಲ್ಲಿ ‘ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ, ಥಾಯ್ ಭಾಷೆಯೂ ಸೇರಿದಂತೆ’ ಎಂಬರ್ಥದ ಇಂಗ್ಲಿಷ್ ಒಕ್ಕಣೆಯ ಮುಂದಿರುವ ಒಂದು ಚಿಕ್ಕ ಚೌಕ. ಕನ್ನಡದ ಹೆಸರು ಆ ಸಾಲಿನಲ್ಲಿ ಇಲ್ಲ. ಅರಬ್ಬಿ, ಹೀಬ್ರೂಗಳೊಡನೆ ಒಂದೇ ಧರ್ಮಛತ್ರದಲ್ಲಿ ನಮಗೂ ಜಾಗವೆಂದು ಊಹಿಸಿಕೊಂಡು ಗುರುತು ಹಾಕಬೇಕು. ಹಾಕಿದೊಡನೆ ಅದು ಮೂಲ ಸಿ.ಡಿ.ಯನ್ನು ಕೇಳಿತು. ನಾಲ್ಕು ದಿನ ಹುಡುಕಿದ ಮೇಲೆ ಆ ಸಿ.ಡಿ.ಯು ಅಡಿಗೆಮನೆಯ ಕಿಟಕಿಯಲ್ಲಿ, ಗುಬ್ಬಿಗಳನ್ನು ಬೆದರಿಸಲು ದಾರದಿಂದ ತೂಗುತ್ತಿದ್ದುದು ಪತ್ತೆಯಾಯಿತು. ತೊಳೆದು ಒರೆಸಿ ಕೊಟ್ಟರೆ, ಯಂತ್ರವು ಎರಡು ಸಲ ಗೊಣಗಿ ಸ್ವೀಕರಿಸಿತು. ಅದು ಗುಬ್ಬಿಗಳ ಕಡೆಯಿಂದ ಬಂದ ಆಶೀರ್ವಾದವೆಂದು ನಾನು ಎಣಿಸಿದ್ದೇನೆ.

ಪರದೆಯ ಹಿನ್ನೆಲೆಯ ಚಿತ್ರದ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಹಸಿರು ದಿಬ್ಬ, ಅದರ ಮೇಲೆ ನೀಲಿಯ ಆಕಾಶ, ಹಿಂಜಿದ ಅರಳೆಯಂಥ ಮೋಡ. ಚಾರ್ಲ್ಸ್ ಓ’ರಿಯರ್ ಎಂಬ ಛಾಯಾಗ್ರಾಹಕರು 1996ರಲ್ಲಿ ಕ್ಯಾಲಿಫೋರ್ನಿಯಾದ ಸೋನೋಮ ಸೀಮೆಯ ರಸ್ತೆಯ ಬದಿಯಿಂದ ತೆಗೆದ ಈ ಚಿತ್ರವನ್ನು ಅರಿಯದವರಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದವನ ಮನೆಯಲ್ಲಿ ಪರದೇಶದ ದಿಬ್ಬವೇಕೆಂಬ ಅಭಿಮಾನದಿಂದ ನಾನದನ್ನು ತೆಗೆದು ಚಾಮುಂಡಿಬೆಟ್ಟದ ಚಿತ್ರವೊಂದನ್ನು ಸ್ಥಾಪಿಸಿದೆನು. ಬೆಟ್ಟದ ಕಲ್ಲು, ಕುರುಚಲು, ಮೆಟ್ಟಿಲು, ದೀಪಗಳ ನಡುವೆ ನನ್ನ ಕಡತಗಳ ಪುಟ್ಟ ಚಿತ್ರಗಳು ಎಲ್ಲಿ ಅಡಗಿದುವೆಂದು ತಿಳಿಯದೆ, ನಂದಿಯ ಕಿವಿಯ ಹಿಂದೆ ‘ಶಬ್ದಮಣಿದರ್ಪಣ’ದ ಟಿಪ್ಪಣಿಯನ್ನು ಹುಡುಕುತ್ತ ಮೂರು ದಿನ ಕಳೆದು, ಕಡೆಗೆ ಅಭಿಮಾನವನ್ನು ನುಂಗಿಕೊಂಡು ಸೋನೋಮದ ದಿಬ್ಬವನ್ನೇ ಮರಳಿ ಕರೆತಂದೆನು. ದೇವಿಯ ಬೆಟ್ಟವು ಕಿಟಕಿಯಿಂದ ಹೇಗೂ ಕಾಣುತ್ತದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ಕ್ಷೇಮವಾಗಿತ್ತು. ಆದರೆ ಪರದೆಯ ಎಡ ಮೂಲೆಯ ಕೆಳಗೆ, ಹಸಿರು ಗುಂಡಿಯ ಮೇಲೆ, ಓರೆಯಾಗಿ ‘ಸ್ಟಾರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದಿರುವುದು ಹಗಲಿರುಳೂ ನನ್ನ ಕಣ್ಣನ್ನು ಕುಟುಕತೊಡಗಿತು. ಅಲ್ಲಿ ‘ಪ್ರಾರಂಭ’ ಎಂದಿದ್ದರೆ ಎಷ್ಟು ಗಂಭೀರ! ವಿಚಾರಿಸಲಾಗಿ ಉಪಾಯವೂ ದೊರೆಯಿತು. ಆ ಗುಂಡಿಯನ್ನೂ ಪಟ್ಟಿಯನ್ನೂ ಬಿಡಿಸುವುದು ‘ಎಕ್ಸ್‌ಪ್ಲೋರರ್’ ಎಂಬ ಒಂದೇ ಕಡತ. ಅದನ್ನು ಇದ್ದಲ್ಲಿಯೇ ತಿದ್ದಿದರೆ ಯಂತ್ರವು ತನ್ನ ಗುಪ್ತಭಂಡಾರದಿಂದ ಮೂಲಪ್ರತಿಯನ್ನು ತಂದು ಸದ್ದಿಲ್ಲದೆ ಮೊದಲಿನಂತೆ ಮಾಡಿಬಿಡುತ್ತದೆ. ಆದ್ದರಿಂದ ಒಂದು ನಕಲು ತೆಗೆದು, ಇಂಥ ಕಡತಗಳ ಒಡಲನ್ನು ಬಗೆದು ತೋರಿಸುವ ಒಂದು ಚಿಕ್ಕ ತಂತ್ರಾಂಶದಿಂದ ತೆರೆದು, ಒಳಗಿನ ಮಾತುಗಳ ಪಟ್ಟಿಯಲ್ಲಿ 37ನೆಯ ಕಂತೆಯ 578ನೆಯ ಸಾಲನ್ನು ಬದಲಾಯಿಸಿ, ಹೊಸ ಹೆಸರಿನಿಂದ ಉಳಿಸಿ, ಕಡೆಗೆ ರಿಜಿಸ್ಟ್ರಿ ಎಂಬ ಮಹಾದಫ್ತರದಲ್ಲಿ ‘ಇನ್ನು ಮೇಲೆ ಈ ಹೊಸಬನನ್ನೇ ಕರೆಯತಕ್ಕದ್ದು’ ಎಂದು ನಮೂದಿಸಬೇಕು. ಈ ರಿಜಿಸ್ಟ್ರಿಯು ಬೇರು ಮೇಲಾಗಿ ಕೊಂಬೆ ಕೆಳಗಾಗಿ ಬೆಳೆದ, ಗೀತೆಯಲ್ಲಿ ಹೇಳಿರುವ ಅಶ್ವತ್ಥದಂಥದು; ವ್ಯತ್ಯಾಸವೆಂದರೆ ಇದಕ್ಕೆ ಬೇರುಗಳು ಐದು, ಮತ್ತು ಇದನ್ನು ಕಡಿದವನಿಗೆ ಮೋಕ್ಷ ದೊರೆಯುವುದಿಲ್ಲ.

ನಾನು ‘ಪ್ರಾರಂಭ’ವನ್ನು ನೋಟ್‌ಪ್ಯಾಡಿನಲ್ಲಿ ಬರೆದು, ಎತ್ತಿ, ಆ ಚಿಕ್ಕ ತಂತ್ರಾಂಶದೊಳಗೆ ಇಳಿಸಿದೆನು. ಇಳಿಸಿದ ಕೂಡಲೇ ಅಲ್ಲಿ ಕನ್ನಡವಿಲ್ಲ; ಏಳು ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಂತಿದ್ದುವು. ಇದು ತೋರಿಕೆಯ ದೋಷ, ಗುಂಡಿಯ ಮೇಲೆ ಸರಿಯಾಗಿಯೇ ಕಾಣುವುದೆಂದು ಸಮಾಧಾನ ಮಾಡಿಕೊಂಡು ಮಿಕ್ಕ ವಿಧಿಗಳನ್ನೆಲ್ಲ ಮುಗಿಸಿ ಯಂತ್ರವನ್ನು ಆರಿಸಿ ಹೊತ್ತಿಸಿದೆನು. ಹಸಿರು ಗುಂಡಿಯ ಮೇಲೆ, ಓರೆಯಾಗಿ, ಠೀವಿಯಿಂದ, ಏಳು ಪ್ರಶ್ನಾರ್ಥಕ ಚಿಹ್ನೆಗಳು! ನನ್ನ ಹೆಂಡತಿ ಕಾಫಿಯನ್ನು ಇಡಲು ಬಂದವಳು ಬಗ್ಗಿ ನೋಡಿ, ‘ಈಗ ಸರಿಯಾಯಿತು. ಇದನ್ನು ಒತ್ತಿದರೆ ಏನಾಗುವುದೆಂದು ಅದಕ್ಕೂ ಗೊತ್ತಿಲ್ಲವೆಂದು ಅದೇ ಹೇಳಿಕೊಂಡ ಹಾಗಾಯಿತು’ ಎಂದಳು.

ಕಾರಣವನ್ನು ಸೋದರಳಿಯನು ದೂರವಾಣಿಯಲ್ಲಿ ವಿವರಿಸಿದನು. ಆ ತಂತ್ರಾಂಶವು ಯೂನಿಕೋಡ್ ಅರಿಯದ ಹಳೆಯ ಸಂಪ್ರದಾಯದ್ದು. ಅಂಥವು ಆಯಾ ಭಾಷೆಗೆ ವಿಂಡೋಸ್ ಹಿಂದೆ ಇಟ್ಟಿದ್ದ ಸಂಕೇತಪುಟವನ್ನು ನೋಡಿಕೊಂಡು ಓದುತ್ತವೆ. ಕನ್ನಡಕ್ಕೆ ಅಂಥ ಪುಟವೇ ಇರಲಿಲ್ಲವಾದ್ದರಿಂದ, ತಿಳಿಯದ ಒಂದೊಂದು ಸಂಕೇತಕ್ಕೂ ಒಂದೊಂದು ಪ್ರಶ್ನೆ. ‘ಅದಿರಲಿ, ಏಳು ಹೇಗೆ ಬಂತು?’ ಎಂದೆನು. ಛಂದಸ್ಸಿನವನಿಗೆ ಕನ್ನಡ ಹೋದ ದುಃಖಕ್ಕಿಂತ ಲೆಕ್ಕ ತಪ್ಪಿದ ದುಃಖ ದೊಡ್ಡದು. ‘ಪ್ರಾರಂಭ’ದಲ್ಲಿ ಅಕ್ಷರಗಳು ಮೂರು, ಮಾತ್ರೆಗಳು ಐದು, ಏಳೆಂಬ ಸಂಖ್ಯೆಗೆ ಶಾಸ್ತ್ರಾಧಾರವೇನು? ಯಂತ್ರದ ಶಾಸ್ತ್ರವೇ ಬೇರೆಯಂತೆ: ಪಕಾರ ಒಂದು, ಹಲಂತ ಎರಡು, ರಕಾರ ಮೂರು, ದೀರ್ಘ ನಾಲ್ಕು, ಮತ್ತೊಂದು ರಕಾರ ಐದು, ಸೊನ್ನೆ ಆರು, ಭಕಾರ ಏಳು. ‘ಪ್ರಾ’ ಎಂಬ ಒಂದೇ ಗುರುವಿಗೆ ನಾಲ್ಕು ಸಂಕೇತಗಳನ್ನು ಎಣಿಸುವ ಈ ಪಿಂಗಳನೊಡನೆ ವಾದಿಸಿ ಫಲವಿಲ್ಲ. ಆದರೆ ಲೆಕ್ಕ ಹಾಕುತ್ತಿದ್ದಾಗಲೇ ನನಗೆ ಹೊಳೆದು ಮೈ ಜುಮ್ಮೆಂದಿತು. ಗುರು, ಗುರು, ಲಘು: ‘ಪ್ರಾರಂಭ’ವು ತಗಣ! ಮ, ನ, ಭ, ಯಗಣಗಳು ಕಾವ್ಯಾರಂಭಕ್ಕೆ ಶುಭ, ಜ, ರ, ಸ, ತಗಣಗಳು ಅಶುಭವೆಂದು ಮೂವತ್ತಮೂರು ವರ್ಷ ಬೋರ್ಡಿನ ಮೇಲೆ ಬರೆದವನೇ, ಆರಂಭಿಸುವುದಕ್ಕೆಂದೇ ಇರುವ ಗುಂಡಿಯ ಮೇಲೆ ತಗಣವನ್ನು ಕೆತ್ತಿದ್ದೆನು. ತಗಣಕ್ಕೆ ಅಧಿದೇವತೆ ಆಕಾಶ, ಫಲವು ಶೂನ್ಯ.

ಶಾಸ್ತ್ರದ ಮಾತನ್ನು ಇನ್ನೂ ನಂಬದವರಿಗಾಗಿ ಮುಂದಿನದನ್ನು ಹೇಳುತ್ತೇನೆ. ಪ್ರಶ್ನಾರ್ಥಕಗಳನ್ನು ತೆಗೆದುಹಾಕಲು, ಇಂಗ್ಲಿಷಿನದೇ ಆದರೂ ಮಾನವಾಗಿರುವ ಮತ್ತೊಂದು ನಕಲನ್ನು ಸಿದ್ಧಗೊಳಿಸಿ, ರಿಜಿಸ್ಟ್ರಿಯಲ್ಲಿ ಅದರ ಹೆಸರನ್ನು ಬರೆಯುವಾಗ, ಸಾವಿರಾರು ಉತ್ತರಪತ್ರಿಕೆಗಳಲ್ಲಿ ಅನ್ಯರ ಕಾಗುಣಿತವನ್ನು ಕೆಂಪು ಮಸಿಯಿಂದ ಸುತ್ತಿದ ಈ ಕೈಯಿಂದ ಒಂದು ಅಕ್ಷರ ತಪ್ಪಿತು. ಯಂತ್ರವನ್ನು ಮತ್ತೆ ಹೊತ್ತಿಸಿದೆನು. ಸ್ವಾಗತದ ರಾಗವಾಯಿತು. ಆಮೇಲೆ ಪರದೆಯ ತುಂಬ ಹಸಿರು ದಿಬ್ಬ, ಅದರ ಮೇಲೆ ನೀಲಿಯ ಆಕಾಶ. ಗುಂಡಿಯಿಲ್ಲ, ಪಟ್ಟಿಯಿಲ್ಲ, ಗಡಿಯಾರವಿಲ್ಲ, ನನ್ನ ಒಂದು ಕಡತದ ಗುರುತೂ ಇಲ್ಲ. ಕರೆಯಬೇಕಾದವನ ಹೆಸರು ತಪ್ಪಾಗಿದ್ದುದರಿಂದ ಯಾರೂ ಬಂದಿರಲಿಲ್ಲ. ತಗಣದ ದೇವತೆಯು ತನ್ನ ಮೋಡಗಳ ಸಮೇತ ಪ್ರತ್ಯಕ್ಷವಾಗಿ, ಫಲವನ್ನೂ ಕೈಗೆ ಕೊಟ್ಟು, ನನ್ನನ್ನು ಸುಮ್ಮನೆ ನೋಡುತ್ತಿತ್ತು. ನಾನೂ ಸುಮಾರು ಕಾಲು ಗಂಟೆ ಅದನ್ನು ಸುಮ್ಮನೆ ನೋಡುತ್ತಿದ್ದೆನು. ಅಷ್ಟು ಸಾವಧಾನವಾಗಿ ನಾನು ಆ ಚಿತ್ರವನ್ನು ಹಿಂದೆಂದೂ ನೋಡಿರಲಿಲ್ಲ. ದೂರದಲ್ಲಿ ನೀಲಿಯ ಗುಡ್ಡಸಾಲೊಂದು ಇದೆಯೆಂಬುದೂ ಅಂದೇ ತಿಳಿದದ್ದು.

ಬಿಡುಗಡೆಯು ಸುಲಭವಾಗಿಯೇ ಆಯಿತು. ಕಂಟ್ರೋಲ್, ಆಲ್ಟ್, ಡಿಲೀಟ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಬರಿಯ ಆಕಾಶದಲ್ಲಿಯೂ ಟಾಸ್ಕ್ ಮ್ಯಾನೇಜರ್ ಎಂಬ ಅಮಲ್ದಾರನು ಹಾಜರಾಗುತ್ತಾನೆ. ಅವನ ಮೂಲಕ ರಿಜಿಸ್ಟ್ರಿಯನ್ನು ತೆರೆಸಿ, ಮೊದಲಿನ ಹೆಸರನ್ನೇ, ಅಕ್ಷರ ಅಕ್ಷರವನ್ನೂ ಬಾಯಲ್ಲಿ ಉಚ್ಚರಿಸುತ್ತ ಬರೆದು ಬಂದೆನು. ಗುಂಡಿಯ ಮೇಲೆ ‘ಸ್ಟಾರ್ಟ್’ ಮರಳಿತು. ಈಗ ಅದು ನನ್ನ ಕಣ್ಣನ್ನು ಕುಟುಕುವುದಿಲ್ಲ.

ಸತ್ತ ಬಿಲ್ಲೆಗೆ ಬದಲಾಗಿ ಹೊಸದೊಂದನ್ನು ತಂದು ಮೇಜಿನ ಖಾನೆಯಲ್ಲಿ ಇಟ್ಟು ಎಂಟು ತಿಂಗಳಾಗಿವೆ. ಹಾಕಲು ಹೊರಟಾಗಲೆಲ್ಲ ಮನೆಯೊಡತಿಯ ಆಕ್ಷೇಪಣೆ ಬರುತ್ತದೆ. ದಿನವೂ ಯಂತ್ರದ ಗಡಿಯಾರವು ಸೊನ್ನೆಯಿಂದ ಹೊರಡುವುದರಿಂದ, ನಾನು ಅದರ ಮುಂದೆ ಕೂತು ಎಷ್ಟು ಹೊತ್ತಾಯಿತೆಂಬುದನ್ನು ಅದು ನಿಮಿಷ ತಪ್ಪದೆ ಹೇಳುತ್ತದೆ. ಹನ್ನೆರಡರ ಬದಲು ಸೊನ್ನೆಯಿಂದಲೇ ಎಣಿಸುವಂತೆ ಅದರ ವೇಳೆಯ ನಮೂನೆಯನ್ನು, ಮುಂದೇನಾಗುವುದೆಂದು ತಿಳಿಯದೆ, ತಿದ್ದಿ ಕೊಟ್ಟವನೂ ನಾನೇ. ಆ ಜಾಗದಲ್ಲಿಯೇ, ಪೂರ್ವಾಹ್ನವನ್ನು ಸೂಚಿಸುವ ಎರಡು ಇಂಗ್ಲಿಷ್ ಅಕ್ಷರಗಳ ಬದಲು ನಮಗಿಷ್ಟವಾದ ಮಾತನ್ನು, ಹನ್ನೆರಡು ಸಂಕೇತಗಳಿಗೆ ಮೀರದಂತೆ, ಯಾವ ಕಡತವನ್ನೂ ಬಗೆಯದೆ ಬರೆದುಕೊಳ್ಳಬಹುದೆಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಮೊಮ್ಮಗಳಿಗೆ ತಿಳಿದಿತ್ತು. ರಬ್ಬರಿನ ಹಗೆಯೂ ಇತ್ತು, ಅಜ್ಜಿಯ ಆಜ್ಞೆಯೂ ಆಗಿತ್ತು. ಕಳೆದ ಭಾನುವಾರ ನಾನು ಈ ಪ್ರಬಂಧದ ನಡುಭಾಗದಲ್ಲಿ ಸಿಕ್ಕಿಕೊಂಡು ತಲೆಯೆತ್ತಿ ನೋಡಿದಾಗ, ಪರದೆಯ ಬಲ ಮೂಲೆಯ ಕೆಳಗೆ, ತುಂಗಾ ಅಕ್ಷರಗಳಲ್ಲಿ, ಒಂದೂ ಪ್ರಶ್ನಾರ್ಥಕವಿಲ್ಲದ ಅಚ್ಚಗನ್ನಡದಲ್ಲಿ, ಯಂತ್ರವು ಹೇಳುತ್ತಿತ್ತು: ‘04:20 ಸಾಕು, ಏಳಿ.’